ಅಗ್ರಬೀಜ: ಬಸದಿಯ ಹೂದೋಟವೂ ಗೊಮ್ಮಟಸಾರದ ವನಸ್ಪತಿವಿಭಾಗವೂ

1

ಜಲ, ಗಂಧ, ಅಕ್ಷತೆಗಳ ಅನಂತರ ಬರುವ ಪುಷ್ಪವು ಅಷ್ಟವಿಧಾರ್ಚನೆಯ ನಾಲ್ಕನೆಯ ದ್ರವ್ಯ. ಅಕ್ಕಿಯನ್ನು ಕಣಜದಲ್ಲಿ, ಶ್ರೀಗಂಧವನ್ನು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಡಬಹುದು; ಹೂವು ಮಾತ್ರ ಆ ದಿನದ್ದು ಆ ದಿನವೇ ಬೇಕು. ಆದ್ದರಿಂದ ನಿತ್ಯಪೂಜೆ ನಡೆಯುತ್ತಿದ್ದ ಬಸದಿಗೆ ಪೂಜಾರಿಯೂ ನೈವೇದ್ಯದ ಭೂಮಿಯೂ ಎಷ್ಟು ಅಗತ್ಯವೋ ವರ್ಷವೆಲ್ಲ ಹೂ ಕೊಡುವ ತೋಟವೂ ಅಷ್ಟೇ ಅಗತ್ಯವಾಗಿತ್ತು. ದಾನ ಕೊಟ್ಟವರು ಇದನ್ನು ಮರೆತಿಲ್ಲ. ಬನವಾಸಿಯಲ್ಲಿ ದೊರೆತ, ಕ್ರಿ.ಶ. 5ನೆಯ ಶತಮಾನದ ಕದಂಬ ಮೃಗೇಶವರ್ಮನ ತಾಮ್ರಪಟದಲ್ಲಿ ಬೃಹತ್ಪರಲೂರಿನ ಅರ್ಹಂತರ ಚೈತ್ಯಾಲಯಕ್ಕೆ ಸಮ್ಮಾರ್ಜನ, ಉಪಲೇಪನ, ಅರ್ಚನ, ಭಗ್ನಸಂಸ್ಕಾರಗಳಿಗಾಗಿ ಭೂಮಿಯನ್ನು ಕೊಟ್ಟು, ಚೈತ್ಯಾಲಯದ ಹೊರಗೆ ಒಂದು ನಿವರ್ತನವನ್ನು ಹೂವಿಗಾಗಿಯೇ ಬೇರೆಯಾಗಿ ಬಿಟ್ಟಿರುವ ಸಂಗತಿ ಉಕ್ತವಾಗಿದೆ. ಮುಂದಿನ ಶತಮಾನಗಳ ಕನ್ನಡ ದಾನಶಾಸನಗಳಲ್ಲಿ ಗದ್ದೆ, ಬೆದ್ದಲೆ, ಗಾಣಗಳ ಸಾಲಿನಲ್ಲಿ ‘ಪೂದೋಂಟ’ ಎಂಬ ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವರ ಹೂವಿನ ಪೂಜೆಗೆಂದೇ ವರ್ತಕರು ನಡೆಸಿಕೊಂಡು ಬಂದ ದತ್ತಿಗಳು ಉಂಟು.

ಶಾಸನಗಳು ಹೂದೋಟದ ಅಳತೆಯನ್ನು ಹೇಳುತ್ತವೆ, ಎಲ್ಲೆಯನ್ನು ಹೇಳುತ್ತವೆ. ಆ ತೋಟದಲ್ಲಿ ಯಾವ ಗಿಡಗಳನ್ನು ಹೇಗೆ ಬೆಳೆಸುತ್ತಿದ್ದರು, ಒಂದು ಗಿಡದಿಂದ ಇನ್ನೊಂದನ್ನು ಹೇಗೆ ಮಾಡಿಕೊಳ್ಳುತ್ತಿದ್ದರು ಎಂಬುದು ಅವುಗಳ ವಿಷಯವಲ್ಲ. ಈ ತಿಳಿವಳಿಕೆಯ ಒಂದು ಮುಖ್ಯ ಭಾಗ, ನಾವು ನಿರೀಕ್ಷಿಸದ ಕಡೆ, ಅಂದರೆ ಸಿದ್ಧಾಂತಗ್ರಂಥಗಳ ವ್ಯಾಖ್ಯಾನಗಳಲ್ಲಿ ಉಳಿದುಬಂದಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಈ ವಿಷಯಕ್ಕೆ ಆನೆಕೊಂಡ, ಹರಿಹರಗಳ ಸೀಮೆಯನ್ನು ನಿದರ್ಶನವಾಗಿ ಇಟ್ಟುಕೊಳ್ಳುವುದು ಯುಕ್ತ. ಇಂದು ದಾವಣಗೆರೆ ನಗರದೊಳಗೆ ಸೇರಿಹೋಗಿರುವ ಆನೆಕೊಂಡವು ಕಲ್ಯಾಣ ಚಾಲುಕ್ಯರ ಕಾಲದ ಈಶ್ವರ ದೇವಾಲಯದಿಂದ ಪ್ರಸಿದ್ಧವಾಗಿದೆ. ಹರಿಹರದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಥ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯ (ಕ್ರಿ.ಶ. 1224) ಇದೆ. ಈ ಎರಡು ದೇವಾಲಯಗಳ ಕೀರ್ತಿಯ ಮರೆಯಲ್ಲಿ ಇದೇ ಸೀಮೆಯ ಜೈನ ನೆಲೆಗಳು ಜನರ ನೆನಪಿನಿಂದ ಸರಿದುಹೋಗಿವೆ. ಉಚ್ಚಂಗಿಯ ಪಾಂಡ್ಯರು ನೊಳಂಬವಾಡಿಯನ್ನು ಆಳುತ್ತಿದ್ದ ಕಾಲದಲ್ಲಿ, ಕ್ರಿ.ಶ. 1128ರಲ್ಲಿ, ಸೂರ್ಯದಂಡನಾಯಕನ ಪತ್ನಿ ಕಾಳಿಯಕ್ಕೆಯು ಸೇಂಬನೂರಿನಲ್ಲಿ ಪಾರ್ಶ್ವಜಿನಾಲಯವನ್ನು ಕಟ್ಟಿಸಿದಳು. ದಾವಣಗೆರೆಗೆ ಸಮೀಪದ ಬೇತೂರಿನಲ್ಲಿ, ಸೇವುಣರ ಅಧಿಕಾರಿಯಾದ ಕೂಚಿರಾಜನು ತೀರಿಕೊಂಡ ತನ್ನ ಪತ್ನಿ ಲಕ್ಷ್ಮಿಯ ನೆನಪಿಗಾಗಿ, ಪದ್ಮಸೇನ ಮುನಿಗಳ ಉಪದೇಶದಂತೆ, ಕ್ರಿ.ಶ. 1271ರಲ್ಲಿ ಲಕ್ಷ್ಮೀಜಿನಾಲಯವನ್ನು ಮಾಡಿಸಿದನು. ಸತ್ತವಳ ಹೆಸರನ್ನು ಬಸದಿಗೆ ಇಟ್ಟವನು ಬಯಸಿದ್ದು ನಿತ್ಯವೂ ನಿಲ್ಲದ ಪೂಜೆಯನ್ನಲ್ಲದೆ ಬೇರೇನನ್ನು? ಪೂಜೆ ನಿಲ್ಲದಿರಬೇಕಾದರೆ ಹೂವು ನಿಲ್ಲಬಾರದು.

ಸೂಳೆಕೆರೆಯಿಂದ ಹೊರಟು ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುವ ಹಳ್ಳಕ್ಕೆ ಹರಿದ್ರಾ ಎಂದು ಹೆಸರು. ಹರಿದ್ರಾ ಎಂದರೆ ಅರಿಸಿನ. ಮುಂದೆ ನೋಡಲಿರುವ ವ್ಯಾಖ್ಯಾನಗಳಲ್ಲಿ ಮೂಲಬೀಜಕ್ಕೆ ಕೊಡುವ ಉದಾಹರಣೆಯೂ ಈ ಹರಿದ್ರೆಯೇ. ಅದೇ ತುಂಗಭದ್ರೆಯ ಕೆಳಹರಿವಿನ ಕಡೆ, ಇಂದಿನ ವಿಜಯನಗರ ಜಿಲ್ಲೆಯಲ್ಲಿ, ಹೂವಿನಹಡಗಲಿ ಇದೆ. ಹಂಪೆಯ ದೇವಾಲಯಗಳಿಗೆ ಹೂವು ಅಲ್ಲಿಂದ ಹೊಳೆಯ ಮೇಲೆ ಹೋಗುತ್ತಿತ್ತೆಂಬುದು ಜನಜನಿತವಾದ ಮಾತು. ಹಡಗಲಿಯ ಮಲ್ಲಿಗೆಯು ಮೈಸೂರು, ಉಡುಪಿ ಮಲ್ಲಿಗೆಗಳೊಡನೆ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದಿದೆ. ಹೀಗೆ ಹೂವಿನ ಕೃಷಿಯು ಈ ನದೀತೀರಕ್ಕೆ ಹೊಸತಲ್ಲ.

3

ನಮ್ಮ ದೇಶದ ಶಾಸ್ತ್ರಗಳಲ್ಲಿ ಸಸ್ಯಗಳನ್ನು ವಿಂಗಡಿಸುವ ಕ್ರಮಗಳು ಹಲವು. ಆಯುರ್ವೇದ ಹಾಗೂ ಸ್ಮೃತಿಗಳ ಕ್ರಮದಲ್ಲಿ ಹೂವಿಲ್ಲದೆ ಹಣ್ಣು ಬಿಡುವುದು ವನಸ್ಪತಿ, ಹೂವೂ ಹಣ್ಣೂ ಉಳ್ಳದ್ದು ವೃಕ್ಷ ಅಥವಾ ವಾನಸ್ಪತ್ಯ, ಹಬ್ಬುವುದು ವೀರುಧ, ಫಲ ಮಾಗಿದೊಡನೆ ಸಾಯುವುದು ಓಷಧಿ. ಇಲ್ಲಿ ಮುಖ್ಯವಾಗಿ ಕೇಳಿರುವ ಪ್ರಶ್ನೆ ಗಿಡದ ಫಲವೇನು, ಅಂತ್ಯವೇನು ಎಂಬುದು. ಒಂದು ಬೆಳೆಗೆ ಮುಗಿಯುವ ಗಿಡವನ್ನೂ ಹಲವು ವರ್ಷ ಬಾಳಿ ಮತ್ತೆ ಮತ್ತೆ ಹೂ ಬಿಡುವ ಗಿಡವನ್ನೂ ಬೇರ್ಪಡಿಸಲು ಈ ಕ್ರಮ ಸಾಕು.

ಜೈನಾಗಮಗಳಲ್ಲಿ ಕೇಳಿರುವ ಪ್ರಶ್ನೆ ಬೇರೆ. ಗಿಡವು ಯಾವುದರಿಂದ ಹುಟ್ಟುತ್ತದೆ ಎಂಬುದು ಅಲ್ಲಿಯ ಪ್ರಶ್ನೆ. ವಟ್ಟಕೇರರ ಮೂಲಾಚಾರದಲ್ಲಿಯೂ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿಯೂ ವನಸ್ಪತಿಕಾಯಿಕಗಳನ್ನು ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ ಎಂದು ಆರಾಗಿ ಹೇಳಿ, ಇವುಗಳೊಡನೆ ನಿಯತ ಬೀಜವಿಲ್ಲದೆ ಹುಟ್ಟುವ ಸಮ್ಮೂರ್ಛಿಮವನ್ನು ಸೇರಿಸಲಾಗಿದೆ. ಶ್ವೇತಾಂಬರರ ದಶವೈಕಾಲಿಕದಲ್ಲಿಯೂ ಇದೇ ಬಗೆಯ ವಿಭಾಗ ಉಂಟಾದ್ದರಿಂದ ಇದು ಎರಡು ಆಮ್ನಾಯಗಳಿಗೂ ಸಾಮಾನ್ಯವಾದ ಹಳೆಯ ಪರಂಪರೆಯೆಂದು ತಿಳಿಯಬೇಕು.

‘ಬೀಜ’ ಶಬ್ದವು ಇಲ್ಲಿ ಕಾಳು ಎಂಬ ರೂಢಿಯ ಅರ್ಥವನ್ನು ಬಿಟ್ಟು ‘ಉತ್ಪತ್ತಿಗೆ ಆಧಾರವಾದ ಅಂಗ’ ಎಂಬ ಅರ್ಥದಲ್ಲಿ ಬಂದಿದೆ. ಗೊಮ್ಮಟಸಾರದ ವ್ಯಾಖ್ಯಾನಪರಂಪರೆಯಲ್ಲಿ ಕೊಟ್ಟಿರುವ ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ. ಶುಂಠಿ, ಅರಿಸಿನಗಳು ಮೂಲಬೀಜ. ಕಬ್ಬು, ಬೆತ್ತಗಳು ಗೆಣ್ಣಿನಿಂದ ಹುಟ್ಟುವುದರಿಂದ ಪರ್ವಬೀಜ. ಸುವರ್ಣಗೆಡ್ಡೆ ಮೊದಲಾದವು ಕಂದಬೀಜ. ಸಲ್ಲಕಿ, ಪಲಾಶಗಳು ಬೋದಿಗೆಯಿಂದ ಹುಟ್ಟುವುದರಿಂದ ಸ್ಕಂಧಬೀಜ. ಭತ್ತ, ಗೋದಿಗಳು ಬೀಜರುಹ. ಹೊಲ, ತೋಟಗಳಲ್ಲಿ ಕೈಯಿಟ್ಟು ಕೆಲಸ ಮಾಡುವವನು ನೆಡುವ ಹೊತ್ತಿಗೆ ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ಕಾಳು ಹಾಕಬೇಕೋ, ಗೆಡ್ಡೆ ಇಡಬೇಕೋ, ಕಡ್ಡಿ ನೆಡಬೇಕೋ? ಜೀವದಯೆಗಾಗಿ ಹುಟ್ಟಿದ ವಿಭಾಗವು ತೋಟಗಾರನ ವಿಭಾಗದೊಡನೆ ಹೀಗೆ ಪೂರ್ತಿ ಹೊಂದಿಕೊಂಡಿರುವುದು ಆಕಸ್ಮಿಕವಲ್ಲ. ಯಾವ ಅಂಗದಲ್ಲಿ ಹುಟ್ಟುವ ಶಕ್ತಿಯಿದೆಯೋ ಅದನ್ನು ಅರಿತವನೇ ಅದನ್ನು ನೋಯಿಸದೆ ನಡೆಯಬಲ್ಲನು. ಅದನ್ನು ಅರಿತವನೇ ಅದನ್ನು ಬೆಳೆಸಲೂ ಬಲ್ಲನು.

ಕನ್ನಡಿಗರಿಗೆ ಈ ಭಾಗವು ವಿಶೇಷವಾಗಿ ಸಲ್ಲಬೇಕಾದದ್ದು. ಗೊಮ್ಮಟಸಾರವು ಗಂಗರ ಮಂತ್ರಿ ಚಾವುಂಡರಾಯನ ನಿಮಿತ್ತವಾಗಿ ರಚಿತವಾಯಿತು. ಅದರ ಮೇಲೆ ಕೇಶವವರ್ಣಿಯು ಶಕ 1281ರಲ್ಲಿ, ಅಂದರೆ ಕ್ರಿ.ಶ. 1359ರಲ್ಲಿ, ಕರ್ಣಾಟಕವೃತ್ತಿಯನ್ನು ಬರೆದನು. ಸಂಸ್ಕೃತದ ಜೀವತತ್ತ್ವಪ್ರದೀಪಿಕೆಯು ಈ ಕನ್ನಡ ವೃತ್ತಿಯನ್ನು ಆಧರಿಸಿದ್ದೆಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ಸಪ್ರಮಾಣವಾಗಿ ತೋರಿಸಿದ್ದಾರೆ. 1978ರಿಂದ ಮುಂದೆ ಭಾರತೀಯ ಜ್ಞಾನಪೀಠವು ಈ ವೃತ್ತಿಯನ್ನು ನಾಗರೀ ಲಿಪಿಯಲ್ಲಿ ಪ್ರಕಟಿಸಿತು. ಕನ್ನಡದಲ್ಲಿ ಹುಟ್ಟಿದ ವ್ಯಾಖ್ಯಾನವೇ ಉತ್ತರದೇಶದ ಪಂಡಿತರಿಗೆ ದಾರಿಯಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ.

4

ಹೂದೋಟದ ದೃಷ್ಟಿಯಿಂದ ಈ ಆರರಲ್ಲಿ ಅಗ್ರಬೀಜವೇ ಪ್ರಧಾನವಾದುದು. ಅಗ್ರವೆಂದರೆ ಕುಡಿ, ರೆಂಬೆಯ ತುದಿ. ಮೂಲಾಚಾರಕ್ಕೆ ಆಚಾರವೃತ್ತಿಯನ್ನು ಬರೆದ ವಸುನಂದಿಗಳು ಅಗ್ರಬೀಜಕ್ಕೆ ಕೋರಂಟಕ, ಮಲ್ಲಿಕಾ, ಕುಬ್ಜಕಗಳನ್ನು ಉದಾಹರಿಸುತ್ತಾರೆ. ಮೂರೂ ಹೂವಿನ ಗಿಡಗಳು. ಮೂರೂ ಹಲವು ವರ್ಷ ಬಾಳುವಂಥವು. ಮೂರೂ ತೋಟದಲ್ಲಿ ನೆಟ್ಟು ಬೆಳೆಸುವಂಥವು. ಮೂಲಬೀಜಕ್ಕೆ ಅಡಿಗೆಮನೆಯ ಅರಿಸಿನವನ್ನು, ಬೀಜರುಹಕ್ಕೆ ಹೊಲದ ಗೋದಿಯನ್ನು ಹೇಳಿದವರು ಅಗ್ರಬೀಜಕ್ಕೆ ಬಂದಾಗ ಹೂದೋಟವನ್ನೇ ನೆನೆದಿದ್ದಾರೆ.

ಮಲ್ಲಿಗೆಯನ್ನು ಬೆಳೆಸುವ ಬಗೆಯನ್ನು ಬಲ್ಲವರಿಗೆ ಈ ಉದಾಹರಣೆ ಎಷ್ಟು ಯಥಾರ್ಥವೆಂಬುದು ತಿಳಿಯುತ್ತದೆ. ಮಳೆಗಾಲದ ಮೊದಲಲ್ಲಿ ಅರೆಬಲಿತ ರೆಂಬೆಯಿಂದ ಗೇಣುದ್ದದ, ಮೂರು ನಾಲ್ಕು ಗೆಣ್ಣುಗಳುಳ್ಳ ಕಡ್ಡಿಯನ್ನು ತೆಗೆದು, ಕೆಳಗಿನ ಎಲೆಗಳನ್ನು ಬಿಡಿಸಿ, ಗೆಣ್ಣಿನ ಕೆಳಗೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆರಳಿನ ಪಾತಿಯಲ್ಲಿ ನೆಡುತ್ತಾರೆ. ತೇವ ಆರದಂತೆ ನೋಡಿಕೊಂಡರೆ ತಿಂಗಳು ಒಂದೂವರೆ ತಿಂಗಳಲ್ಲಿ ಬೇರು ಬಿಡುತ್ತದೆ. ನೆಲಕ್ಕೆ ಬಾಗಿದ ರೆಂಬೆಯ ಮೇಲೆ ಮಣ್ಣೇರಿಸಿ, ಅದು ತಾಯಿಗಿಡಕ್ಕೆ ಅಂಟಿಕೊಂಡಿರುವಾಗಲೇ ಬೇರು ಬಿಡಿಸಿ, ಆಮೇಲೆ ಬೇರ್ಪಡಿಸುವುದು ಇನ್ನೊಂದು ಕ್ರಮ. ಹೂವು ಬರುವುದೂ ಹೊಸ ಚಿಗುರಿನ ತುದಿಯಲ್ಲಿಯೇ. ಅದಕ್ಕಾಗಿಯೇ ಚಳಿಗಾಲದಲ್ಲಿ ಗಿಡವನ್ನು ಸವರುತ್ತಾರೆ. ಹೀಗೆ ಹೂವಿಗೂ ಸಂತತಿಗೂ ಅಗ್ರವೇ ಆಧಾರವಾಗಿರುವ ಗಿಡಕ್ಕೆ ಅಗ್ರಬೀಜವೆಂಬ ಹೆಸರು ಅನ್ವರ್ಥವಾಗಿದೆ.

ಕುಬ್ಜಕವು ನಿಘಂಟುಗಳ ಪ್ರಕಾರ ಗುಲಾಬಿಯ ಜಾತಿಯದು. ಕೋರಂಟಕವು ಹಳಗನ್ನಡದ ಗೋರಂಟೆ, ಹಳದಿ ಹೂವಿನ ಮುಳ್ಳುಗಿಡ. ಆದರೆ ಇಂದು ನಮ್ಮ ಹಲವು ಸೀಮೆಗಳಲ್ಲಿ ಗೋರಂಟಿಯೆಂದರೆ ಕೈಗೆ ಹಚ್ಚುವ ಮದರಂಗಿ. ಹೆಸರು ಒಂದು ಗಿಡದಿಂದ ಇನ್ನೊಂದಕ್ಕೆ ಸರಿದಿದೆ. ಇದನ್ನು ಗಮನಿಸದೆ ವ್ಯಾಖ್ಯಾನದ ಕೋರಂಟಕವನ್ನು ಮದರಂಗಿಯೆಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ಇದೇ ರೀತಿ ಚೆಂಡುಹೂವು, ಸುಗಂಧರಾಜಗಳು ಇಂದು ಪೂಜೆಯಲ್ಲಿ ಎಷ್ಟೇ ರೂಢಿಯಾಗಿದ್ದರೂ ಮೆಕ್ಸಿಕೋ ದೇಶದಿಂದ ಬಂದವು. ಅವು ಕೇಶವವರ್ಣಿಯ ಕಾಲದ ತೋಟದಲ್ಲಿ ಇರಲು ಸಾಧ್ಯವಿಲ್ಲ. ಪ್ರತಿಯೊಂದರಲ್ಲಿ ಈ ಹೂವುಗಳ ಹೆಸರು ಬಂದರೆ ಆ ಭಾಗವು ಈಚಿನದೆಂದು ಶಂಕಿಸಲು ಅದೊಂದು ಸೂಚನೆಯಾಗಬಹುದು.

5

ವಸುನಂದಿಗಳ ಉದಾಹರಣೆಗಳಿಗೂ ಗೊಮ್ಮಟಸಾರದ ವ್ಯಾಖ್ಯಾನದ ಉದಾಹರಣೆಗಳಿಗೂ ಅಗ್ರಬೀಜದಲ್ಲಿ ಭೇದವಿದೆ. ಎರಡನೆಯದರಲ್ಲಿ ಹೇಳಿರುವುದು ‘ಆರ್ಯಕ’, ‘ಉದೀಚ್ಯ’ ಎಂಬ ಎರಡು ಹೆಸರುಗಳನ್ನು. ಉದೀಚ್ಯವು ಅಮರಕೋಶದಲ್ಲಿ ಹ್ರೀಬೇರದ ಪರ್ಯಾಯ. ಕೇರಳದ ವೈದ್ಯರು ಹ್ರೀಬೇರವೆಂದು ಬಳಸುವ ‘ಇರುವೇಲಿ’ಯು ಸುಗಂಧದ ಬೇರುಳ್ಳ ಚಿಕ್ಕ ಗಿಡ, ಅದು ಹೂ ಬಿಡುವುದೇ ಅಪರೂಪ, ಆದ್ದರಿಂದ ಅದನ್ನು ಕುಡಿಯ ಕಡ್ಡಿಯಿಂದಲೇ ಬೆಳೆಸುತ್ತಾರೆ. ಅಗ್ರಬೀಜಕ್ಕೆ ಇದಕ್ಕಿಂತ ತಕ್ಕ ಉದಾಹರಣೆಯನ್ನು ಹುಡುಕುವುದು ಕಷ್ಟ.

ತೊಡಕು ಇರುವುದು ‘ಆರ್ಯಕ’ದಲ್ಲಿ. ಸಸ್ಯನಿಘಂಟುಗಳ ಪ್ರಸಿದ್ಧ ಹೆಸರುಗಳಲ್ಲಿ ಇದು ಸೇರಿದ್ದಲ್ಲ. ಇಲ್ಲಿ ಮೂಲಪಾಠವು ‘ಅರ್ಜಕ’ ಎಂದಿದ್ದಿರಬೇಕೆಂದು ನಮ್ಮ ಊಹೆ. ಅರ್ಜಕವು ತುಳಸಿಯ ವರ್ಗಕ್ಕೆ ಸೇರಿದ, ಬಿಳಿಯ ಬಗೆಯ ಪರ್ಣಾಸವೆಂದು ಅಮರಸಿಂಹನೇ ಹೇಳಿದ್ದಾನೆ. ಪ್ರಾಕೃತದಲ್ಲಿ ‘ಆರ್ಯ’ವೂ ‘ಅಜ್ಜ’ವಾಗುತ್ತದೆ, ‘ಅರ್ಜ’ವೂ ‘ಅಜ್ಜ’ವಾಗುತ್ತದೆ. ಪ್ರಾಕೃತ ಪರಂಪರೆಯಿಂದ ಬಂದ ಸಸ್ಯನಾಮವನ್ನು ಮತ್ತೆ ಸಂಸ್ಕೃತಕ್ಕೆ ತಿರುಗಿಸಿದವರು ಹೆಚ್ಚು ಪರಿಚಿತವಾದ ‘ಆರ್ಯ’ ರೂಪವನ್ನೇ ಹಿಡಿದಿರಬಹುದು. ಸವೆದ ತಾಡಪತ್ರದಲ್ಲಿ ರೇಫದೊಡನೆ ಕೂಡಿದ ಜಕಾರವನ್ನು ಯಕಾರವೆಂದು ಓದುವ ಸಂಭವವೂ ಇಲ್ಲದಿಲ್ಲ. ಅರ್ಥದ ಕಡೆಯಿಂದ ನೋಡಿದರೂ ಈ ಪಾಠ ಹೊಂದುತ್ತದೆ. ತುಳಸಿಯ ವರ್ಗದ ಗಿಡಗಳ ಕುಡಿಯನ್ನು ಚಿವುಟಿ ಒದ್ದೆ ಮಣ್ಣಿನಲ್ಲಿ ಇಟ್ಟರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆಂಬುದು ಎಲ್ಲರೂ ಬಲ್ಲ ವಿಷಯ. ಮೂಡಬಿದ್ರೆ, ಶ್ರವಣಬೆಳಗೊಳ ಮೊದಲಾದ ಭಂಡಾರಗಳ ಕನ್ನಡ ಲಿಪಿಯ ಪ್ರತಿಗಳನ್ನು ಈ ಒಂದು ಶಬ್ದಕ್ಕಾಗಿ ಹೋಲಿಸಿ ನೋಡುವುದು ಸಾರ್ಥಕವಾದ ಕೆಲಸ. ಅದನ್ನು ನಿರ್ಣಯಿಸುವಾಗ ಗರಿಯ ಸಾಕ್ಷ್ಯದೊಡನೆ ಗಿಡದ ಸಾಕ್ಷ್ಯವನ್ನೂ ಕೇಳಬೇಕೆಂಬುದು ನಮ್ಮ ವಿನಂತಿ.

6

ಇಲ್ಲಿ ಸಿದ್ಧಾಂತಜ್ಞರು ಒಂದು ಆಕ್ಷೇಪವನ್ನು ಎತ್ತಬಹುದು. ಕತ್ತರಿಸಿದರೂ ಮತ್ತೆ ಬೆಳೆಯುವ ‘ಛಿನ್ನರುಹ’ತ್ವವನ್ನು ಗೊಮ್ಮಟಸಾರವು ಸಾಧಾರಣ ಶರೀರದ, ವ್ಯಾಖ್ಯಾನದ ಪ್ರಕಾರ ನಿಗೋದಜೀವಗಳಿಂದ ಸಪ್ರತಿಷ್ಠಿತವಾದ ಪ್ರತ್ಯೇಕದ, ಲಕ್ಷಣಗಳಲ್ಲಿ ಒಂದಾಗಿ ಹೇಳಿದೆ. ಕಡ್ಡಿಯಿಂದ ಬೆಳೆಯುವ ಮಲ್ಲಿಗೆಯು ಛಿನ್ನರುಹವಾದರೆ ಬಸದಿಯ ತೋಟವು ಅನಂತಕಾಯಗಳ ತೋಟವೇ ಆಗಲಿಲ್ಲವೆ?

ಇದಕ್ಕೆ ಉತ್ತರವು ಅದೇ ಪ್ರಕರಣದಲ್ಲಿದೆ. ಮೂಲಬೀಜಾದಿಗಳನ್ನು ಹೇಳಿದ ಗಾಹೆಯೇ ಅವು ಪ್ರತ್ಯೇಕವೂ ಅನಂತಕಾಯವೂ ಆಗುತ್ತವೆಂದು ಹೇಳಿ ಮುಗಿಸುತ್ತದೆ. ಅಂದರೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಒಂದು ಅಳತೆ, ಒಂದು ಶರೀರದಲ್ಲಿ ಎಷ್ಟು ಜೀವಗಳಿವೆ ಎಂಬುದು ಇನ್ನೊಂದು ಅಳತೆ. ಒಂದರಿಂದ ಇನ್ನೊಂದು ತಾನಾಗಿ ಸಿದ್ಧವಾಗುವುದಿಲ್ಲ. ಸಪ್ರತಿಷ್ಠಿತತ್ವಕ್ಕೆ ಹೇಳಿರುವ ಉಳಿದ ಗುರುತುಗಳಾದ ಕಾಣದ ನರ, ಕಾಣದ ಸಂಧಿ, ಸಮವಾಗಿ ಮುರಿಯುವಿಕೆ ಇವೆಲ್ಲ ಆ ಅಂಗದ ಆಗಿನ ಅವಸ್ಥೆಯನ್ನು ನೋಡಿ ನಿರ್ಣಯಿಸತಕ್ಕವು. ಮಲ್ಲಿಗೆಯ ಎಳೆಯ ಕುಡಿಯನ್ನು ಮುರಿದರೆ ಸಮವಾಗಿ ಮುರಿಯುತ್ತದೆ. ಅರೆಬಲಿತ ಕಡ್ಡಿಯಲ್ಲಿ ನಾರು ಕಾಣುತ್ತದೆ, ಗೆಣ್ಣು ಕಾಣುತ್ತದೆ, ಮುರಿದರೆ ಒರಟಾಗಿ ಸೀಳುತ್ತದೆ. ತೋಟಗಾರನು ನೆಡುವುದಕ್ಕೆ ಆರಿಸುವುದೂ ಅರೆಬಲಿತ ಕಡ್ಡಿಯನ್ನೇ, ತೀರ ಎಳೆಯದು ಕೊಳೆಯುತ್ತದೆಂಬ ಕಾರಣದಿಂದ. ಜೀವದಯೆಯ ವಿವೇಕವೂ ತೋಟದ ಅನುಭವವೂ ಇಲ್ಲಿ ಒಂದೇ ಕಡ್ಡಿಯ ಕಡೆಗೆ ಕೈ ತೋರಿಸುತ್ತವೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಯೋನಿಭೂತವಾದ ಬೀಜದಲ್ಲಿ ಮೊದಲಿದ್ದ ಜೀವವೇ ಬಂದು ಹುಟ್ಟಬಹುದು, ಇಲ್ಲವೆ ಬೇರೆ ಜೀವವು ಬರಬಹುದು ಎಂದು ನೇಮಿಚಂದ್ರರು ಹೇಳುತ್ತಾರೆ. ಮೂಲ ಮೊದಲಾದ ಬೀಜಾಂಗಗಳೂ ಮೊದಲಲ್ಲಿ ಪ್ರತ್ಯೇಕವೇ ಎಂದು ಅದಕ್ಕೆ ಸೇರಿಸುತ್ತಾರೆ. ಕಾಳಿನಿಂದ ಹುಟ್ಟಿದ ಗಿಡವು ತಾಯಿಗಿಡಕ್ಕಿಂತ ಸ್ವಲ್ಪವಾದರೂ ಬೇರೆಯಾಗಿರುತ್ತದೆ. ಕಡ್ಡಿಯಿಂದ ಬಂದದ್ದು ಬಣ್ಣ, ವಾಸನೆ, ಎಸಳುಗಳಲ್ಲಿ ತಾಯಿಯಂತೆಯೇ ಇರುತ್ತದೆಂಬುದು ಇಂದಿನ ಸಸ್ಯಶಾಸ್ತ್ರದ ನಿರ್ಣಯ. ನಮ್ಮ ದುಂಡುಮಲ್ಲಿಗೆಯು ಕಾಯಿ ಕಟ್ಟುವುದು ವಿರಳ. ಮಾರುಕಟ್ಟೆಯಲ್ಲಿ ‘ಡೆಲ್ಲಿ ಕನಕಾಂಬರ’ವೆಂದು ಹೆಸರಾದದ್ದು ಬೀಜವನ್ನೇ ಕಟ್ಟದ ಬಂಜೆಗಿಡ. ಅವು ಶತಮಾನಗಳಿಂದಲೋ ದಶಕಗಳಿಂದಲೋ ಕಡ್ಡಿಯಿಂದ ಕಡ್ಡಿಗೆ, ಕೈಯಿಂದ ಕೈಗೆ ದಾಟಿಬಂದಿವೆ. ಹಾಗಾದರೆ ಒಂದೇ ಜೀವವು ಸಾವಿರ ತೋಟಗಳಲ್ಲಿ ಹರಡಿದೆಯೆ? ಒಂದು ಜೀವವು ಏಕಕಾಲಕ್ಕೆ ಬೇರೆ ಬೇರೆ ಔದಾರಿಕ ಶರೀರಗಳನ್ನು ಧರಿಸಲಾರದೆಂಬುದು ನಮ್ಮ ಸಿದ್ಧಾಂತ. ಆದುದರಿಂದ ಕಡ್ಡಿಯು ಬೇರ್ಪಟ್ಟು ತಾನೇ ಯೋನಿಭೂತವಾದಾಗ ಅಲ್ಲಿ ನೆಲೆಸುವ ಜೀವವು ತಾಯಿಗಿಡದ ಜೀವಕ್ಕಿಂತ ಬೇರೆಯೆಂದೇ ಹೇಳಬೇಕಾಗುತ್ತದೆ. ಶರೀರದ ಪುದ್ಗಲಕ್ರಮವು ಒಂದೇ ಆದರೂ ಜೀವವು ಬೇರೆ. ರೂಪಸಾಮ್ಯದಿಂದ ಜೀವೈಕ್ಯವು ಸಿದ್ಧವಾಗುವುದಿಲ್ಲವೆಂಬ ಈ ವಿವೇಕಕ್ಕೆ ಒಂದು ಮಲ್ಲಿಗೆಯ ಪಾತಿಯೇ ಸಾಕಾದ ದೃಷ್ಟಾಂತ.

7

ಗಿಡಗಳ ಆರೈಕೆಯ ವಿಷಯಕ್ಕೆ ಬರೋಣ. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಕಾಂಡವನ್ನು ನೆಟ್ಟು ಬೆಳೆಸತಕ್ಕವುಗಳಾಗಿ ಹಲಸು, ಅಶೋಕ, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷೆ ಮೊದಲಾದವುಗಳೊಡನೆ ಹೂಬಳ್ಳಿಯಾದ ಅತಿಮುಕ್ತಕವೂ ಎಣಿಕೆಯಾಗಿದೆ. ಅವುಗಳಿಗೆ ಸಗಣಿ ಬಳಿದು ನೆಡಬೇಕೆಂದೂ ಹೇಳಿದೆ. ಈ ಭಾಗವು ನಮಗೆ ಗ್ರಾಹ್ಯ. ಆದರೆ ಅದೇ ಶಾಸ್ತ್ರವು ಬೀಜಸಂಸ್ಕಾರಕ್ಕೆ ಮಾಂಸದ ಹೊಗೆಯನ್ನು ವಿಧಿಸುತ್ತದೆ. ಸುರಪಾಲನ ವೃಕ್ಷಾಯುರ್ವೇದವು ಪ್ರಾಣಿಗಳ ಮಾಂಸಮಜ್ಜೆಗಳನ್ನು ಬೇಯಿಸಿ ಮಾಡಿದ ಕುಣಪಜಲವನ್ನು ಬಹುವಾಗಿ ಹೊಗಳುತ್ತದೆ. ಕನ್ನಡದಲ್ಲಿ ವೃಕ್ಷಾಯುರ್ವೇದವನ್ನು ಒಳಗೊಂಡ ಹಳೆಯ ಗ್ರಂಥವು ಜಯಸಿಂಹನ ಕಾಲದ, ಸುಮಾರು ಕ್ರಿ.ಶ. 1025ರ ಲೋಕೋಪಕಾರ. ಅದರ ಕರ್ತೃ ಚಾವುಂಡರಾಯನು ಶೈವಬ್ರಾಹ್ಮಣ; ಗೊಮ್ಮಟೇಶ್ವರನನ್ನು ನಿಲ್ಲಿಸಿದ ಗಂಗಮಂತ್ರಿಯಲ್ಲ. ಹೆಸರಿನ ಸಾಮ್ಯದಿಂದ ಈ ಗ್ರಂಥವನ್ನು ಜೈನವೆಂದು ಎಣಿಸುವುದು ಸಲ್ಲದು.

ಮಾಂಸ, ಮಧು, ಮದ್ಯಗಳನ್ನು ಬಿಟ್ಟು ವೈದ್ಯವನ್ನು ನಡೆಸಬಹುದೆಂದು ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ತೋರಿಸಿದರು. ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣವನ್ನು ಖಂಡಿಸಿದ ಹಿತಾಹಿತ ಪ್ರಕರಣವು ಅದರ ಕೊನೆಗೆ ಸೇರಿದೆ. ಮನುಷ್ಯವೈದ್ಯಕ್ಕೆ ಸಂದ ಈ ನಿಯಮವು ವೃಕ್ಷವೈದ್ಯಕ್ಕೂ ಸಲ್ಲಬೇಕು. ಸಗಣಿ, ಹಾಲು, ಎಳ್ಳು, ವಾಯುವಿಳಂಗಗಳು ಆ ಶಾಸ್ತ್ರಗಳಲ್ಲಿಯೇ ಹೇಳಿರುವ ದ್ರವ್ಯಗಳು. ಇವು ಜೈನನ ತೋಟಕ್ಕೆ ಸಾಲದೆ ಹೋಗುವುದಿಲ್ಲ.

ಸಮಂತಭದ್ರಾಚಾರ್ಯರು ‘ಪುಷ್ಪಾಯುರ್ವೇದ’ವೆಂಬ ಗ್ರಂಥದಲ್ಲಿ ಪರಾಗರಹಿತವಾದ 18,000 ಹೂವುಗಳ ಪ್ರಯೋಗವನ್ನು ಹೇಳಿದ್ದರೆಂದೂ ಅದರಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಕರ್ಣಾಟಕ ಲಿಪಿ ಇದೆಯೆಂದೂ ಜೈನವೈದ್ಯದ ಇತಿಹಾಸವನ್ನು ಬರೆದವರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಹಾಗೆಯೇ ಒಪ್ಪಲಾಗದು. ಸಮಂತಭದ್ರರ ಕಾಲವೇ ಅದಕ್ಕಿಂತ ಎಷ್ಟೋ ಈಚಿನದು. ಹದಿನೆಂಟು ಸಾವಿರವು ನಮ್ಮಲ್ಲಿ ಶೀಲಭೇದಗಳಿಗೂ ಸಲ್ಲುವ ಸಾಂಪ್ರದಾಯಿಕ ಸಂಖ್ಯೆ. ಆದರೂ ಈ ಐತಿಹ್ಯದಲ್ಲಿ ‘ಪರಾಗರಹಿತ’ ಎಂಬ ವಿಶೇಷಣವು ಅರ್ಥವತ್ತಾದುದು. ರತ್ನಕರಂಡಕದಲ್ಲಿ ಅದೇ ಆಚಾರ್ಯರು ಬೇವಿನ ಹೂವನ್ನೂ ಕೇದಗೆಯನ್ನೂ ಫಲ ಅಲ್ಪ, ಘಾತ ಬಹುವೆಂಬ ಕಾರಣದಿಂದ ತ್ಯಾಜ್ಯವೆಂದಿದ್ದಾರೆ. ಕೇದಗೆಯ ಪರಾಗದಲ್ಲಿ ಎಷ್ಟು ಹುಳುಗಳು ಸೇರುತ್ತವೆಂಬುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ.

8

ಹೂವನ್ನು ಬಿಡಿಸುವುದರಲ್ಲಿ ಆರಂಭದೋಷವಿದೆಯೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಉತ್ತರದ ತೇರಾಪಂಥದವರು ಹಸಿ ಹೂವನ್ನು ಸಚಿತ್ತವೆಂದು ಬಿಟ್ಟು, ಕೇಸರಿಯ ಬಣ್ಣವಿಟ್ಟ ಅಕ್ಕಿಯನ್ನು ಪುಷ್ಪಸ್ಥಾನದಲ್ಲಿ ಅರ್ಪಿಸುತ್ತಾರೆ. ಕರ್ನಾಟಕದ ಸಂಪ್ರದಾಯವು ಹೂವನ್ನು ಬಿಡಲಿಲ್ಲ. ಜಿನಪೂಜೆಯ ಸಾವದ್ಯಲೇಶವು ಪುಣ್ಯರಾಶಿಯ ಮುಂದೆ ಸಮುದ್ರದಲ್ಲಿ ಬಿದ್ದ ವಿಷದ ಕಣದಂತೆ ಎಂಬ ಸಮಂತಭದ್ರರ ಸ್ವಯಂಭೂಸ್ತೋತ್ರದ ಅಭಿಪ್ರಾಯವೇ ಅದಕ್ಕೆ ಆಧಾರ. ಆದರೆ ಬಿಡದಿದ್ದವರು ಮೇರೆಯಿಲ್ಲದೆಯೂ ನಡೆಯಲಿಲ್ಲ. ಹೂವನ್ನು ಎರಡಾಗಿ ಸೀಳಬಾರದು, ಮೊಗ್ಗನ್ನು ಕೀಳಬಾರದು ಎಂದು ಉಮಾಸ್ವಾಮಿಗಳ ಹೆಸರಿನಲ್ಲಿ ಪ್ರಚಲಿತವಾಗಿರುವ ಶ್ರಾವಕಾಚಾರವು ಕಟ್ಟುನಿಟ್ಟಾಗಿ ಹೇಳುತ್ತದೆ. ಎಲೆ, ಹೂ, ಹಣ್ಣುಗಳನ್ನು ಕಡಿದು ಮಾರಿ ಬದುಕುವ ವನಜೀವಿಕೆಯನ್ನು ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಕರ್ಮಾದಾನಗಳಲ್ಲಿ ಎಣಿಸಿದ್ದಾರೆ. ಪಂಡಿತ ಆಶಾಧರರೂ ಸಾಗಾರಧರ್ಮಾಮೃತದಲ್ಲಿ ಈ ಖರಕರ್ಮಗಳನ್ನು ಹೇಳುತ್ತಾರೆ. ಅಂದಮೇಲೆ ಪೂಜೆಯ ಹೂವು ಅಂಗಡಿಯಿಂದ ಬರುವುದಕ್ಕಿಂತ ಬಸದಿಯ ತೋಟದಿಂದ ಬರುವುದೇ ಶಾಸ್ತ್ರಕ್ಕೆ ಹತ್ತಿರ.

ಈ ಹಿನ್ನೆಲೆಯಲ್ಲಿ ಬಹುವರ್ಷ ಬಾಳುವ ಹೂಗಿಡಗಳ ಮಹತ್ವವು ಹೊಳೆಯುತ್ತದೆ. ಒಂದು ಬೆಳೆಗೆ ಸಾಯುವ ಗಿಡಕ್ಕಾಗಿ ಪ್ರತಿವರ್ಷವೂ ನೆಲವನ್ನು ಅಗೆಯಬೇಕು; ಅಗೆದಷ್ಟೂ ಪೃಥ್ವೀಕಾಯ ಹಾಗೂ ತ್ರಸಜೀವಗಳಿಗೆ ಬಾಧೆ. ಮಲ್ಲಿಗೆ, ಜಾಜಿ, ನಂದಿಬಟ್ಟಲು, ಕಣಗಿಲೆ, ದಾಸವಾಳ, ಸಂಪಿಗೆಗಳನ್ನು ಒಮ್ಮೆ ನೆಟ್ಟರೆ ಆ ನೆಲವು ವರ್ಷಗಟ್ಟಲೆ ಅಲುಗದೆ ಇರುತ್ತದೆ. ಗಿಡವು ಸಾಯದೆ ಹೂವು ದೊರೆಯುತ್ತದೆ. ಚಂದ್ರಾರ್ಕಸ್ಥಾಯಿಯಾಗಿ ಬಿಟ್ಟ ಒಂದು ನಿವರ್ತನ ಭೂಮಿಗೆ ತಕ್ಕವು ಇಂಥ ಗಿಡಗಳೇ. ವಸುನಂದಿಗಳಿಗೆ ಅಗ್ರಬೀಜವೆಂದೊಡನೆ ಕೋರಂಟಕ, ಮಲ್ಲಿಕಾ, ಕುಬ್ಜಕಗಳು ನೆನಪಾದದ್ದು ಅವರು ದಿನವೂ ಕಂಡ ಚೈತ್ಯಾಲಯದ ತೋಟದಿಂದಲೇ ಇರಬೇಕೆಂದು ನಾವು ಊಹಿಸುತ್ತೇವೆ. ಊಹೆಗೆ ಶಾಸನದ ನೇರ ಆಧಾರವಿಲ್ಲದಿದ್ದರೂ ಶಾಸ್ತ್ರ, ಕೃಷಿ, ದಾನಕ್ರಮ ಈ ಮೂರೂ ಅದಕ್ಕೆ ಅನುಕೂಲವಾಗಿವೆ.

9

ಈ ಚರ್ಚೆಯಿಂದ ಹಸ್ತಪ್ರತಿಗಳ ಕೆಲಸಕ್ಕೆ ಎರಡು ಸೂಚನೆಗಳು ದೊರೆಯುತ್ತವೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (1948) ಮೊದಲಾದ ಸೂಚಿಗಳು ಗ್ರಂಥ, ಕರ್ತೃ, ವಿಷಯಗಳನ್ನು ತಿಳಿಸಿ ನಮಗೆ ಮಹದುಪಕಾರ ಮಾಡಿವೆ. ಇನ್ನು ಮೇಲೆ ಸಿದ್ಧಾಂತ, ಶ್ರಾವಕಾಚಾರ, ವೈದ್ಯ ಪ್ರತಿಗಳನ್ನು ವಿವರಿಸುವವರು ಟೀಕೆ ಟಿಪ್ಪಣಿಗಳಲ್ಲಿ ಬರುವ ಸಸ್ಯನಾಮಗಳನ್ನು, ಅವುಗಳ ಕನ್ನಡ ಅರ್ಥಗಳೊಡನೆ, ತಿದ್ದದೆ ಇದ್ದಂತೆಯೇ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಮಂಗರಾಜನ ಖಗೇಂದ್ರಮಣಿದರ್ಪಣದಂತಹ ವಿಷವೈದ್ಯ ಗ್ರಂಥವು ಅರ್ಥವಾಗುವುದೂ ಇಂಥ ಸಂಗ್ರಹದಿಂದಲೇ. ಪಾಠಭೇದದಲ್ಲಿ ‘ಆರ್ಯಕ’ವನ್ನು ‘ಅರ್ಜಕ’ವೆಂದು ತಿದ್ದಿ ಮುದ್ರಿಸಿದರೆ ಮುಂದಿನವರಿಗೆ ಪ್ರಶ್ನೆಯೇ ಉಳಿಯುವುದಿಲ್ಲ, ಬರೆದಿಟ್ಟರೆ ಉತ್ತರ ದೊರೆಯುವ ಅವಕಾಶ ಉಳಿಯುತ್ತದೆ.

ಎರಡನೆಯದಾಗಿ, ಈ ಹೆಸರುಗಳ ಅರ್ಥವನ್ನು ಬಲ್ಲವರು ಗ್ರಂಥಾಲಯದಲ್ಲಿ ಮಾತ್ರ ಇಲ್ಲ. ದಾವಣಗೆರೆ, ಹರಿಹರಗಳ ಹೂಗಾರರ ಮನೆಗಳಲ್ಲಿ, ಭದ್ರಾನಾಲೆಯ ಅಂಚಿನ ತೋಟಗಳಲ್ಲಿ ಯಾವ ಗಿಡ ಕಂದಿನಿಂದ ಬರುತ್ತದೆ, ಯಾವುದು ಕಡ್ಡಿಯಿಂದ, ಯಾವುದು ಗೂಟಿಯಿಂದ ಎಂದು ಕೇಳಿದೊಡನೆ ಹೇಳಬಲ್ಲ ಹಿರಿಯರು ಇದ್ದಾರೆ. ಗಾಹೆಯನ್ನು ಬಲ್ಲ ಪಂಡಿತನೂ ಗಿಡವನ್ನು ಬಲ್ಲ ಮಾಲೆಗಾರನೂ ಒಂದು ಕಡೆ ಕುಳಿತು ಮಾತಾಡಿದರೆ ವ್ಯಾಖ್ಯಾನದ ಎಷ್ಟೋ ಗಂಟುಗಳು ಬಿಡುತ್ತವೆ. ಇಬ್ಬರ ಸಂಖ್ಯೆಯೂ ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಆ ಭೇಟಿಯನ್ನು ಮುಂದೂಡುವುದು ಲೇಸಲ್ಲ.

ಕೂಚಿರಾಜನು ಪತ್ನಿಯ ಹೆಸರಿನಲ್ಲಿ ಮಾಡಿಸಿದ ಜಿನಾಲಯದ ಸಂಗತಿಯನ್ನು ಶಿಲೆಯು ಏಳೂವರೆ ಶತಮಾನ ಹೊತ್ತು ನಿಂತಿದೆ. ಅಲ್ಲಿಯ ಪೂಜೆಗೆ ಹೂ ಕೊಟ್ಟ ಗಿಡಗಳಿಗೆ ಶಾಸನವಿಲ್ಲ. ಆದರೆ ಅಗ್ರಬೀಜವಾದ ಗಿಡಕ್ಕೆ ಶಾಸನದ ಅಗತ್ಯವೂ ಇಲ್ಲ. ಕಡ್ಡಿಯನ್ನು ಮುಂದಿನವರ ಕೈಗೆ ಕೊಡುವವರು ಇದ್ದರೆ ಸಾಕು. ಜೀರ್ಣೋದ್ಧಾರವಾಗುತ್ತಿರುವ ನಮ್ಮ ಬಸದಿಗಳ ಅಂಗಳಕ್ಕೆ ಕಲ್ಲು ಹಾಸುವ ಮುನ್ನ, ಒಂದು ನಿವರ್ತನವಲ್ಲದಿದ್ದರೂ ಆರು ಪಾತಿಗಳಷ್ಟು ಮಣ್ಣನ್ನು ಬಿಟ್ಟು, ಮೂಲ, ಅಗ್ರ, ಪರ್ವ, ಕಂದ, ಸ್ಕಂಧ, ಬೀಜಗಳಿಂದ ಹುಟ್ಟುವ ಒಂದೊಂದು ಗಿಡವನ್ನು ನೆಟ್ಟರೆ, ಪೂಜೆಗೆ ಹೂವೂ ದೊರೆಯುತ್ತದೆ, ಜೀವಕಾಂಡದ ಪಾಠವೂ ನಡೆಯುತ್ತದೆ. ಧರ್ಮಾಧಿಕಾರಿಗಳೂ ವಿದ್ವಾಂಸರೂ ಇದನ್ನು ಪರಾಮರ್ಶಿಸಬೇಕೆಂದು ಕೋರುತ್ತೇವೆ.